ಬೆರಳಿಗೆ ಸವಕಳಿ ಇಲ್ಲವೇ?

ಬಲಗೈ ಹೆಬ್ಬೆರಳು ಇಟ್ಟಳು, ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು, ಒಪ್ಪಲಿಲ್ಲ. ತೋರುಬೆರಳು, ನಡುಬೆರಳು, ಆಮೇಲೆ ಎಡಗೈ ಹೆಬ್ಬೆರಳು. ಮೇಜಿನಾಚೆಯ ಹುಡುಗ ಒದ್ದೆ ಬಟ್ಟೆ ಕೊಟ್ಟು ಬೆರಳು ತಿಕ್ಕಿಸಿದ, ಚೂರು ಕೊಬ್ಬರಿ ಎಣ್ಣೆಯನ್ನೂ ಹಚ್ಚಿಸಿದ. ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಕಿರಾಣಿ ಅಂಗಡಿ ಅದು. ಮುಂದೆ ಬೆಲ್ಲ, ಸಕ್ಕರೆ, ಬೀಡಿ; ಮೂಲೆಯಲ್ಲಿ ಬೆರಳು ಒತ್ತಿದರೆ ದುಡ್ಡು ಕೊಡುವ ಪುಟ್ಟ ಡಬ್ಬಿ.

"ಥಂಬ್ ಬರವಲ್ದು ಆಯಿ, ನಾಳಿಗಿ ಬಾ."

"ನಿನ್ನಿನೂ ಹಿಂಗೇ ಅಂದಿ ತಮ್ಮಾ. ನನ್ನ ಪಗಾರ ಬಂದದೋ ಇಲ್ಲೋ, ಅಷ್ಟರ ಹೇಳು."

ನಾನು ಅಲ್ಲಿ ಬೇರೆ ಕೆಲಸಕ್ಕೆ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದವರು ನನ್ನಂತೆಯೇ ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಪರಿಚಿತರು. ನನ್ನ ಕಡೆ ಬಾಗಿ, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಅಂದರು: "ಪಗಾರ ಅಂತ ಪಗಾರ! ಏನ್ ನೌಕರಿ ಮಾಡ್ಯಾಳ್ರಿ ಇಕಿ? ಸರ್ಕಾರ ಫುಕಟ್ ಕೊಡ್ತದ, ಇವರು ಪಗಾರ ಅಂತಾರ."

ಆಗ ನಾನು ಸುಮ್ಮನಿದ್ದೆ. ಈ ಲೇಖನ ಅಂದು ಕೊಡಬೇಕಿದ್ದ ಉತ್ತರ.

ಅವರೊಬ್ಬರ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಚಹಾದಂಗಡಿಯಿಂದ ಹಿಡಿದು ಟಿವಿ ಚರ್ಚೆಯ ತನಕ ಈಗ ಎಲ್ಲೆಲ್ಲೂ ಇದೇ ರಾಗ. ಅದನ್ನು ಅದರ ಪೂರ್ತಿ ಬಲದೊಂದಿಗೇ ಇಲ್ಲಿ ಇಡುತ್ತೇನೆ, ಆಮೇಲೆ ನಾನು ದುರ್ಬಲ ಎದುರಾಳಿಯನ್ನು ಆರಿಸಿಕೊಂಡೆ ಅನ್ನಬಾರದು. ನೌಕರನ ಪಿಂಚಣಿ ಅವನು ದುಡಿದು ಗಳಿಸಿದ್ದು, ಅದು ಹಕ್ಕು. ಮುದುಕರಿಗೆ, ವಿಧವೆಯರಿಗೆ ಕೊಡುವ ಮಾಸಾಶನ ಸರ್ಕಾರದ ದಯೆ. ಬೊಕ್ಕಸದಲ್ಲಿ ಮಿಕ್ಕಿದರೆ ಕೊಡಬಹುದು, ಮಿಕ್ಕದಿದ್ದರೆ ಇಲ್ಲ. ತೆರಿಗೆ ಕಟ್ಟುವವರು ಕೆಲವರು, ತಿನ್ನುವವರು ಹಲವರು. ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಸರ್ಕಾರದ್ದಲ್ಲ. ಹೀಗೆ ಹಂಚುತ್ತ ಹೋದರೆ ರಸ್ತೆ, ನೀರಾವರಿ, ಶಾಲೆಗೆ ದುಡ್ಡೆಲ್ಲಿ? 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ, ಅದರಲ್ಲಿ ಐದು ಗ್ಯಾರಂಟಿಗಳಿಗೇ 51,034 ಕೋಟಿ. ಇನ್ನೂ ಮುದುಕರ ದುಡ್ಡು ಏರಿಸಿ ಎಂದರೆ ರಾಜ್ಯ ದಿವಾಳಿ ಆಗುವುದಿಲ್ಲವೇ?

ಕೇಳಲು ಗಟ್ಟಿಯಾಗಿಯೇ ಇದೆ. ಒಳಗೆ ಟೊಳ್ಳು.

ಮೊದಲ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ, ಏನು ನೌಕರಿ ಮಾಡಿದ್ದಾಳೆ ಆಕೆ? ಅಂಗಡಿಯಿಂದ ಹೊರಬಿದ್ದ ಮೇಲೆ ನಾನೇ ಕೇಳಿದೆ. ಮದುವೆಯಾಗಿ ಬಂದ ವರ್ಷದಿಂದ ಇಪ್ಪತ್ತು ಮಳೆಗಾಲಕ್ಕೂ ಹೆಚ್ಚು ಗಂಡನ ಜೊತೆ ಶಹಾಬಾದ್ ಕಡೆಯ ಕಲ್ಲಿನ ಖಣಿಗಳಲ್ಲಿ ಕೆಲಸ. ಅವನು ಪದರ ಎಬ್ಬಿಸುತ್ತಿದ್ದ, ಈಕೆ ಅಂಚು ಕೆತ್ತುತ್ತಿದ್ದಳು, ಹೊರುತ್ತಿದ್ದಳು. ಅವನ ಎದೆ ಕೆಟ್ಟು ಹೋದ ಮೇಲೆ ಊರಿಗೆ ಬಂದು ತೊಗರಿ ಹೊಲದ ಕೂಲಿ. ಆ ದಿನಗಳ ಹಾಜರಿ ಎಲ್ಲಿಯೂ ದಾಖಲಾಗಿಲ್ಲ. ದಾಖಲಾಗಿದ್ದರೆ ಅದು ಅವಳ ಬೆರಳುಗಳಲ್ಲಿ ಮಾತ್ರ, ಅದನ್ನು ಯಂತ್ರ ಓದುವುದಿಲ್ಲ.

ನಮ್ಮ ಮನೆಯ ನೆಲವೂ ಶಹಾಬಾದ್ ಫರಸಿಯೇ. ಅಪ್ಪ ಮನೆ ಕಟ್ಟಿಸುವಾಗ ಲೆಕ್ಕ ಬರೆದಿಟ್ಟ ಕೆಂಪು ಬಟ್ಟೆಯ ವಹಿ ಈಗಲೂ ನನ್ನ ಬಳಿ ಇದೆ. ಕಲ್ಲಿಗೆ ಇಷ್ಟು, ಲಾರಿ ಬಾಡಿಗೆ ಇಷ್ಟು, ಹಮಾಲಿ ಇಷ್ಟು, ಹಾಸಿದ ಗೌಂಡಿಗೆ ಇಷ್ಟು, ಅವನ ಚಹಾಕ್ಕೂ ಇಷ್ಟು. ಅಪ್ಪ ಪೈಸೆಯ ಮನುಷ್ಯ, ಯಾರಿಗೂ ಬಾಕಿ ಉಳಿಸಿದವರಲ್ಲ. ಆದರೂ ಆ ಕಲ್ಲು ಯಾಕೆ ಅಷ್ಟು ಅಗ್ಗವಾಗಿತ್ತು? ಅದನ್ನು ಕೆತ್ತಿದವಳ ಅರವತ್ತರ ನಂತರದ ಊಟ, ಔಷಧ ಆ ಬೆಲೆಯಲ್ಲಿ ಸೇರಿರಲಿಲ್ಲ, ಅದಕ್ಕೆ. ಹೈದರಾಬಾದಿನಿಂದ ಮುಂಬೈವರೆಗೆ ಎಷ್ಟು ಮನೆ, ಎಷ್ಟು ರೈಲು ನಿಲ್ದಾಣ, ಎಷ್ಟು ಕಚೇರಿಗಳ ನೆಲ ಈ ಕಲ್ಲು. ನಿಂತವರೆಲ್ಲ ಅಗ್ಗದಲ್ಲಿ ನಿಂತಿದ್ದಾರೆ.

ಲೆಕ್ಕಪತ್ರದಲ್ಲಿ ಸವಕಳಿ ಅಂತ ಒಂದು ಮಾತಿದೆ. ವಾಡಿಯಲ್ಲೋ ಮಳಖೇಡದಲ್ಲೋ ಸಿಮೆಂಟ್ ಕಂಪನಿ ಒಂದು ಗೂಡು, ಒಂದು ಕ್ರಷರ್, ಒಂದು ಡಂಪರ್ ಕೊಂಡರೆ ಅದು ವರ್ಷವರ್ಷ ಸವೆಯುತ್ತದೆ ಎಂದು ಲೆಕ್ಕ ಹಿಡಿದು, ಆ ಮೊತ್ತವನ್ನು ಲಾಭದಿಂದ ಕಳೆದು ತೋರಿಸಲು ಕಾನೂನೇ ಅವಕಾಶ ಕೊಡುತ್ತದೆ. ಅದಕ್ಕೆ ತೆರಿಗೆಯೂ ಕಡಿಮೆಯಾಗುತ್ತದೆ. ಇದನ್ನು ಯಾರೂ ಫುಕಟ್ ಅನ್ನುವುದಿಲ್ಲ, ಭಾಗ್ಯ ಅನ್ನುವುದಿಲ್ಲ. ಕಬ್ಬಿಣ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸುತ್ತಿಗೆ ಹಿಡಿದ ಬೆರಳು ಸವೆಯುತ್ತದೆ ಎಂದು ಒಪ್ಪಲು ಮಾತ್ರ ನಮಗೆ ಇಷ್ಟು ಕಷ್ಟ. ಮುದುಕಿಗೆ ತಿಂಗಳಿಗೆ ಬರುವ ದುಡ್ಡು ಆ ಬೆರಳಿನ ಸವಕಳಿ. ದುಡಿಯುವಾಗ ಕೊಡದೆ ಹಿಡಿದಿಟ್ಟ ಕೂಲಿಯ ಒಂದು ಚೂರು, ತಡವಾಗಿ ಬರುತ್ತಿದೆ. ಆಕೆ ಅದನ್ನು ಪಗಾರ ಅಂದದ್ದು ಅಜ್ಞಾನದಿಂದಲ್ಲ. ನಮ್ಮ ಸೀಮೆಯ ಮುದುಕರೆಲ್ಲ ಹಾಗೇ ಅನ್ನುತ್ತಾರೆ, ಇಲಾಖೆಯ ಹೆಸರುಗಳಿಗಿಂತ ಅವರ ಹೆಸರೇ ಸರಿ.

ನೌಕರರ ಪಿಂಚಣಿ ದಯೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1982ರ ಡಿಸೆಂಬರ್ 17ರಂದು, ಡಿ.ಎಸ್. ನಕಾರಾ ಪ್ರಕರಣದಲ್ಲಿ. ನಮ್ಮ ನಿವೃತ್ತರ ಸಂಘಗಳು ಪ್ರತಿವರ್ಷ ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತವೆ. ಶಾಲು, ಹಾರ, ಭಾಷಣ, ಉಪ್ಪಿಟ್ಟು, ಶಿರಾ. ಪಿಂಚಣಿ ಎಂದರೆ ಒಡೆಯನ ಔದಾರ್ಯವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಪಾವತಿ. ಮೈಯಲ್ಲಿ ಕಸುವಿದ್ದಾಗ ದುಡಿದವನನ್ನು ಮುಪ್ಪಿನಲ್ಲಿ ನಡುನೀರಿನಲ್ಲಿ ಕೈಬಿಡಬಾರದು ಎಂಬುದು ಆ ತೀರ್ಪಿನ ಸಾರ. ನಾನೂ ಆ ಸಭೆಗಳಲ್ಲಿ ಚಪ್ಪಾಳೆ ತಟ್ಟಿದವನೇ. ಆ ತೀರ್ಪಿನ ತರ್ಕದಲ್ಲಿ ಸರ್ಕಾರಿ ನೌಕರನ ಜಾಗದಲ್ಲಿ ಖಣಿಯ ಹೆಂಗಸನ್ನು ನಿಲ್ಲಿಸಿ ನೋಡಿ. ಅವಳ ಒಡೆಯ ಒಬ್ಬನಲ್ಲ, ಹತ್ತು ಮಂದಿ ಗುತ್ತಿಗೆದಾರರು, ಅವರಲ್ಲಿ ಒಬ್ಬನೂ ಈಗ ಸಿಗುವುದಿಲ್ಲ. ಆದರೆ ಆ ಕಲ್ಲಿನ ಮೇಲೆ ರಾಜಧನ ಎತ್ತಿದ ಸರ್ಕಾರ ಸಿಗುತ್ತದೆ, ಇನ್ನೂ ಇದೆ. ಬಾಕಿಯನ್ನು ಅದರಿಂದಲೇ ಕೇಳಬೇಕು.

ಈಗ ಬಾಕಿ ಎಷ್ಟು ತೀರುತ್ತಿದೆ ನೋಡಿ. ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನ ಶುರು ಮಾಡಿದ್ದು 1995ರ ಆಗಸ್ಟ್ 15ರಂದು, ತಿಂಗಳಿಗೆ 75 ರೂಪಾಯಿ. ಆಮೇಲೆ ಅದು 200 ಆಯಿತು. 2007ರಲ್ಲಿ ಇಂದಿರಾ ಗಾಂಧಿ ಅವರ ಹೆಸರು ಹೊತ್ತಾಗಲೂ 200, ಇಂದಿಗೂ 200. ಎಂಬತ್ತು ದಾಟಿದರೆ 500. ಸರ್ಕಾರಗಳು ಬದಲಾದವು, ನೋಟುಗಳೇ ಬದಲಾದವು, ಇನ್ನೂರು ಬದಲಾಗಲಿಲ್ಲ. ತೊಗರಿಯ ಕಣಜ ಎಂದು ನಾವು ಹೆಮ್ಮೆಪಡುವ ಈ ಜಿಲ್ಲೆಯಲ್ಲೇ ಆ ದುಡ್ಡಿಗೆ ಎರಡು ಕಿಲೋ ತೊಗರಿಬೇಳೆ ಬರುವುದಿಲ್ಲ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಅರವತ್ತೈದು ದಾಟಿದವರಿಗೆ 1,200 ಮಾಡಿದೆ, ವಿಧವೆಯರಿಗೆ 800. ಈ ಏರಿಕೆ ಘೋಷಣೆಯಾದದ್ದು 2021ರ ಜುಲೈನಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನ. ಆಮೇಲೆ ಸರ್ಕಾರ ಬದಲಾಯಿತು. ಗೃಹಲಕ್ಷ್ಮಿ ಬಂತು, ಬಸ್ಸು ಉಚಿತವಾಯಿತು, ಒಳ್ಳೆಯದೇ. ಆ 1,200 ಮಾತ್ರ ಅಲ್ಲೇ ನಿಂತಿದೆ.

ನನ್ನ ಪಿಂಚಣಿಗೆ ಹೀಗಾಗಿಲ್ಲ. ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ರಾಜ್ಯದಲ್ಲಿ ಕನಿಷ್ಠ ಪಿಂಚಣಿಯೇ 13,500 ಆಯಿತು. ಬೆಲೆ ಏರಿದರೆ ನನ್ನ ಹೊಟ್ಟೆ ಹಸಿಯುತ್ತದೆ ಎಂದು ಸರ್ಕಾರಕ್ಕೆ ಗೊತ್ತು. ಆಕೆಯ ಹೊಟ್ಟೆಗೆ ಬೆಲೆ ಏರಿಕೆ ತಟ್ಟುವುದಿಲ್ಲವೆಂದು ಅದು ಎಲ್ಲಿಂದ ಕಲಿತಿತೋ! ಇನ್ನೊಂದು: ನಾನು ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಟ್ಟರೆ ಸಾಕು, ಕುರ್ಚಿ ಕೊಟ್ಟು ಕೂರಿಸುತ್ತಾರೆ. ಆಕೆ ತಿಂಗಳು ತಿಂಗಳು ಬದುಕಿರುವುದನ್ನು ಬೆರಳೊತ್ತಿ ಸಾಬೀತು ಮಾಡಬೇಕು, ನಿಂತುಕೊಂಡು.

"ಪಿಎಫ್ ಇದ್ದವರು ಸುಖವಾಗಿದ್ದಾರಲ್ಲ" ಅನ್ನುವವರಿಗೆ ಕುರಕುಂಟಾ, ಶಹಾಬಾದ್ ತೋರಿಸಬೇಕು. ಕುರಕುಂಟಾದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ ಕೇಂದ್ರ ಸರ್ಕಾರದ್ದೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದರ ಹೊಗೆ ನಿಂತಿತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ನಿಜಾಮರ ಕಾಲದ್ದು, 1936ರಲ್ಲಿ ಎಸಿಸಿ ಹುಟ್ಟಿದಾಗ ಅದರೊಳಗೆ ಸೇರಿದ್ದು. ಅದೂ ಬಾಗಿಲು ಹಾಕಿತು. ಅಲ್ಲಿ ಖಾಯಂ ಕೆಲಸದಲ್ಲಿದ್ದವರಿಗೆ ಸಿಕ್ಕಿರುವುದು 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ. ಅದರ ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸು. ಸಂಬಳಕ್ಕೆ ಮಿತಿ ಇದೆ, ಬಹುಕಾಲ ಅದು 6,500 ರೂಪಾಯಿ ಇತ್ತು. ಆ ಮಿತಿಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಬರುವುದು ಎರಡು ಸಾವಿರದ ಆಸುಪಾಸು. ಅದಕ್ಕೆ ತುಟ್ಟಿಭತ್ಯೆ ಇಲ್ಲ. ನಿವೃತ್ತನಾದ ದಿನ ಎಷ್ಟೋ, ಚಟ್ಟ ಏರುವ ದಿನವೂ ಬಹುಮಟ್ಟಿಗೆ ಅಷ್ಟೇ. 2013ರಲ್ಲಿ ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಸಮಿತಿ ಕನಿಷ್ಠ 3,000 ಕೊಡಿ ಎಂದಿತು. ಕೊಟ್ಟದ್ದು 1,000, ಅದೂ 2014ರ ಸೆಪ್ಟೆಂಬರ್ 1ರಿಂದ. ನಿರ್ಧಾರ ಒಂದು ಸರ್ಕಾರದ್ದು, ಜಾರಿ ಇನ್ನೊಂದರದ್ದು, ಹೀಗಾಗಿ ಇಬ್ಬರಿಗೂ ಸಮಪಾಲು. 2009ರಿಂದ 2013ರವರೆಗೆ ಕೇಂದ್ರದ ಕಾರ್ಮಿಕ ಸಚಿವರಾಗಿದ್ದವರು ನಮ್ಮ ಜಿಲ್ಲೆಯ ಮಲ್ಲಿಕಾರ್ಜುನ ಖರ್ಗೆ ಅವರೇ. ಅವರ ಕಾಲದ ಇಎಸ್‌ಐ ಆಸ್ಪತ್ರೆ, ವೈದ್ಯಕೀಯ ಕಾಲೇಜಿನ ಕಟ್ಟಡ ಕಲಬುರಗಿಯ ಸೇಡಂ ರಸ್ತೆಯಲ್ಲಿ ಅರಮನೆಯ ಹಾಗೆ ನಿಂತಿದೆ. ಆ ಕಟ್ಟಡದ ಮುಂದೆ ಹಾದು ಹೋಗುವ ಹಳೆಯ ಕಾರ್ಮಿಕನ ಕಿಸೆಯಲ್ಲಿ ಸಾವಿರದ ಚಿಲ್ಲರೆ. 7,500 ಕೊಡಿ, ತುಟ್ಟಿಭತ್ಯೆ ಕೊಡಿ ಎಂದು ದೇಶದ ಉದ್ದಗಲಕ್ಕೂ ಈ ಪಿಂಚಣಿದಾರರು ಧರಣಿ ಕೂತು ಕೂತು ಎಷ್ಟೋ ಮಂದಿ ಹೋಗಿಯೇಬಿಟ್ಟರು.

ಅದೇ 2014ರ ಸೆಪ್ಟೆಂಬರ್ 1ರಂದೇ ಇನ್ನೊಂದು ಅಧಿಸೂಚನೆ ಬಂತು. ಸುಣ್ಣದ ಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. ಸಿಮೆಂಟ್ ಮಾಡುವ ಕ್ಲಿಂಕರ್ ಒಂದು ಟನ್ನಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು ಅಂದರೆ, ಐವತ್ತು ಕಿಲೋ ಚೀಲಕ್ಕೆ ಹೆಚ್ಚೆಂದರೆ ಆರು ರೂಪಾಯಿಯ ಆಸುಪಾಸು ಸರ್ಕಾರಕ್ಕೆ. ಚೀಲದ ಬೆಲೆ ಅಂದಿನಿಂದ ಎಷ್ಟು ಸಲ ಏರಿತೆಂದು ಮನೆ ಕಟ್ಟಿದವರನ್ನು ಕೇಳಿ. ಕಾರ್ಮಿಕನ ಸಾವಿರ, ಕಲ್ಲಿನ ಎಂಬತ್ತು, ಎರಡೂ ಒಂದೇ ದಿನ ಹುಟ್ಟಿದ ಅವಳಿಗಳು, ಎರಡೂ ಬೆಳೆಯಲಿಲ್ಲ. ಒಂದು ಬೆಳೆಯದಿದ್ದಕ್ಕೆ ಮುದುಕ ಸೊರಗಿದ. ಇನ್ನೊಂದು ಬೆಳೆಯದಿದ್ದಕ್ಕೆ ಕೊಬ್ಬಿದವರು ಯಾರು ಎಂದು ನಾನು ಹೇಳಬೇಕಿಲ್ಲ.

ಹೀಗಾಗಿ "ದುಡ್ಡೆಲ್ಲಿದೆ?" ಎಂಬ ಪ್ರಶ್ನೆ ಕೇಳಿದಾಗ ನನಗೆ ನಗು ಬರುತ್ತದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಏನಾಯಿತು? ಗದ್ದಲವೋ ಗದ್ದಲ, ಕಾಗದ ಹರಿದು ಎಸೆದರು, ಹದಿನೆಂಟು ಶಾಸಕರು ಅಮಾನತಾದರು. ಆ ಗಲಾಟೆಯ ನಡುವೆಯೇ ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮಾಜಿಗಳ ಪಿಂಚಣಿ 50,000ದಿಂದ 75,000ಕ್ಕೆ ಏರುವ ಮಸೂದೆ ಚರ್ಚೆಯಿಲ್ಲದೆ ಸುಸೂತ್ರ ಪಾಸಾಯಿತು. ಅಂದು ಯಾವ ಪಕ್ಷದವರಿಗೂ ಬೊಕ್ಕಸ ನೆನಪಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆ ನಷ್ಟ ತುಂಬುವುದು ಹೇಗೆಂದು ನನ್ನ ನಿವೃತ್ತ ಮಿತ್ರರು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ. ಮುದುಕಿಯ ಸಾವಿರದಿನ್ನೂರು ಬಂದ ಕೂಡಲೇ ಎಲ್ಲರೂ ಅರ್ಥಶಾಸ್ತ್ರಜ್ಞರು.

ದುಡ್ಡಿನ ದಾರಿ ಬೇಕಾದವರಿಗೆ ಎರಡು ಹೇಳುತ್ತೇನೆ. ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ತೀರ್ಪು ಕೊಟ್ಟಿದೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಹೊಲದಡಿಯ ಸುಣ್ಣದ ಕಲ್ಲಿನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಒಂದು ಪಾಲು ಕಟ್ಟಿ ತುಂಬುವ ಈ ನಿಧಿಯನ್ನು ಮೊದಲಿಗೆ ಯಾವುದಕ್ಕೆ ಖರ್ಚು ಮಾಡಬೇಕೆಂಬ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯದ ಜೊತೆಗೆ ವೃದ್ಧರ ಮತ್ತು ಅಂಗವಿಕಲರ ಕಲ್ಯಾಣ ಎಂದು ಕೇಂದ್ರದ ಮಾರ್ಗಸೂಚಿಯೇ ಬರೆದಿದೆ. ಜೊತೆಗೆ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ಅದರ ಬೋರ್ಡು ಯಾವ ಊರಿಗೆ ಹೋದರೂ ಕಾಣುತ್ತದೆ: ಸಮುದಾಯ ಭವನ, ಸಿಸಿ ರಸ್ತೆ, ಸ್ವಾಗತ ಕಮಾನು. ಕಮಾನಿಗೆ ಸಿಮೆಂಟ್ ಬೇಕು, ಗುತ್ತಿಗೆದಾರ ಬೇಕು, ಉದ್ಘಾಟನೆಗೆ ಸಚಿವರು ಬೇಕು. ಮುದುಕಿಯ ಖಾತೆಗೆ ದುಡ್ಡು ಹಾಕಲು ಟೆಂಡರ್ ಕರೆಯಬೇಕಿಲ್ಲ, ರಿಬ್ಬನ್ ಕತ್ತರಿಸಬೇಕಿಲ್ಲ. ಅದರ ದೋಷವೂ ಅದೇ.

"ತೆರಿಗೆ ಕಟ್ಟುವವರು ನಾವು" ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಬಟ್ಟೆ ತೊಳೆಯುವ ಸೋಪಿನ ಮೇಲೆ, ಚಹಾಪುಡಿಯ ಮೇಲೆ, ಪುಣೆಯಲ್ಲಿರುವ ಮಗನ ದನಿ ಕೇಳಲು ಹಾಕಿಸುವ ರೀಚಾರ್ಜಿನ ಮೇಲೆ (ಅದಕ್ಕೆ ಶೇ 18) ಆಕೆಯೂ ಕಟ್ಟುತ್ತಾಳೆ. ವ್ಯತ್ಯಾಸ ಇಷ್ಟೇ: ನನಗೆ ಫಾರಂ 16 ಸಿಗುತ್ತದೆ, ಆಕೆಗೆ ರಸೀದಿಯೂ ಇಲ್ಲ.

ಮಕ್ಕಳ ವಿಷಯಕ್ಕೆ ಬರೋಣ, ಇದು ಎಲ್ಲಕ್ಕಿಂತ ಕಪಟದ ವಾದ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳ ಮೇಲೆ ದೂರು ಕೊಡಲು 2007ರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು, ತಿಂಗಳಿಗೆ ಹತ್ತು ಸಾವಿರದವರೆಗೂ ಆದೇಶ ಮಾಡಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಚಿಂಚೋಳಿ ಕಡೆಯ ತಾಂಡಾಗಳಿಗೆ ದೀಪಾವಳಿ ಆದ ಮೇಲೆ ಒಮ್ಮೆ ಹೋಗಿ ಬನ್ನಿ. ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ಮುದುಕರು, ಅವರ ಕಾಲ ಬಳಿ ಮೊಮ್ಮಕ್ಕಳು. ನಡುವಯಸ್ಸಿನವರೆಲ್ಲ ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ಅಲ್ಲಿ ಶೆಡ್ಡಿನಲ್ಲಿ ಮಲಗುವ ಮಗ ಅಮ್ಮನನ್ನು ಎಲ್ಲಿ ಮಲಗಿಸಬೇಕು? ಮೇಲಾಗಿ ಅಲ್ಲಿ ನೋಡಿಕೊಳ್ಳುತ್ತಿರುವವರು ಮಕ್ಕಳಲ್ಲ, ಮುದುಕರೇ. ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಹಾಕಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಎತ್ತಿಕೊಂಡು ಓಡುವ ಅಜ್ಜಿ ಕೆಲಸ ಬಿಟ್ಟು ಕೂತವಳಲ್ಲ. ಅವಳಿದ್ದಾಳೆಂದೇ ಮುಂಬೈಯ ಮಹಡಿಗಳು ಏಳುತ್ತಿವೆ.

ಇನ್ನು, ಮಕ್ಕಳು ನೋಡಿಕೊಳ್ಳಲಿ ಎಂದು ನನಗೆ ಯಾರೂ ಹೇಳಿಲ್ಲ. ನಿವೃತ್ತ ತಹಸೀಲ್ದಾರರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾನೆ, ಆದ್ದರಿಂದ ಪಿಂಚಣಿ ನಿಲ್ಲಿಸಿ ಎಂದು ಯಾರಾದರೂ ಬರೆದದ್ದನ್ನು ಓದಿದ್ದೀರಾ? ಗಂಡನ ಪಿಂಚಣಿ ಪಡೆಯುವ ಮೇಷ್ಟರ ಹೆಂಡತಿಯನ್ನು, ನಿಮ್ಮ ಮಗಳು ಅಮೆರಿಕದಲ್ಲಿದ್ದಾಳಲ್ಲ ಅನ್ನುತ್ತೇವೆಯೇ? ಧರ್ಮ, ಮಾತೃದೇವೋಭವ, ಕುಟುಂಬ ಇವೆಲ್ಲ ಬಡವರ ಮನೆಯ ಬಾಗಿಲಿಗೆ ಮಾತ್ರ ಬರುವ ಅತಿಥಿಗಳು.

ಸೋಮಾರಿತನದ ಆರೋಪವನ್ನೂ ನೋಡಿಬಿಡೋಣ. ತಿಂಗಳಿಗೆ 1,200 ಎಂದರೆ ದಿನಕ್ಕೆ ನಲವತ್ತು ರೂಪಾಯಿ. ಅಷ್ಟು ಕೊಟ್ಟರೆ ಎಪ್ಪತ್ತರ ಮುದುಕಿ ಹೊಲಕ್ಕೆ ಬರುವುದಿಲ್ಲ ಎಂದು ದೂರುವ ಹೊಲದ ಒಡೆಯರು ನಮ್ಮಲ್ಲಿದ್ದಾರೆ. ನಲವತ್ತು ರೂಪಾಯಿಯ ಎದುರು ಸೋಲುವ ಕೂಲಿ ಎಂಥ ಕೂಲಿ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ.

ಈ ಆರೋಪಕ್ಕೆ ನೂರು ವರ್ಷ ದಾಟಿದೆ. ಬ್ರಿಟನ್ನಿನಲ್ಲಿ 1909ರ ಜನವರಿ 1ರಂದು ಎಪ್ಪತ್ತು ದಾಟಿದವರಿಗೆ ವಾರಕ್ಕೆ ಐದು ಶಿಲಿಂಗ್ ಕೊಡಲು ಶುರು ಮಾಡಿದಾಗಲೂ, ಜನ ಉಳಿತಾಯ ಮಾಡುವುದನ್ನು ಬಿಡುತ್ತಾರೆ, ದೇಶ ಹಾಳಾಗುತ್ತದೆ ಎಂದು ದೊಡ್ಡವರೇ ಕೂಗಿದ್ದರು. ದೇಶ ಹಾಳಾಗಲಿಲ್ಲ. ಈಗ ಅಲ್ಲಿಯೂ ಜಗಳ ನಡೆದಿದೆ: ದುಡಿಯುವ ಯುವಕರ ತೆರಿಗೆಯಲ್ಲಿ ಮುದುಕರು ಬದುಕುತ್ತಿದ್ದಾರೆ ಎಂದು. 2024ರ ಜುಲೈನಲ್ಲಿ ಚಳಿಗಾಲದ ಇಂಧನ ಭತ್ಯೆಯನ್ನು ಬಹುಪಾಲು ವೃದ್ಧರಿಗೆ ನಿಲ್ಲಿಸುವ ಘೋಷಣೆಯಾಯಿತು. ಎಷ್ಟು ಗಲಾಟೆಯಾಯಿತೆಂದರೆ ಮರುವರ್ಷ ಜೂನ್‌ನಲ್ಲಿ ಸರ್ಕಾರ ಅದರ ಬಹುಭಾಗವನ್ನು ವಾಪಸ್ ಕೊಟ್ಟಿತು. ಆ ದೇಶವನ್ನು ಆದರ್ಶ ಅನ್ನುತ್ತಿಲ್ಲ. ಐವತ್ತರ ದಶಕದಲ್ಲಿ ಹುಟ್ಟಿದ ಹೆಂಗಸರಿಗೆ ಪಿಂಚಣಿ ವಯಸ್ಸು ಏರಿಸಿದ್ದನ್ನು ಸರಿಯಾಗಿ ತಿಳಿಸಲೂ ಇಲ್ಲ, ಪರಿಹಾರ ಕೊಡಿ ಎಂಬ ಶಿಫಾರಸನ್ನು ಒಪ್ಪಲೂ ಇಲ್ಲ. ಆದರೆ ಎರಡು ವಿಷಯ ಗಮನಿಸಿ. ಅಲ್ಲಿ ಸರ್ಕಾರಿ ಪಿಂಚಣಿ ಬೆಲೆ ಏರಿಕೆ, ಕೂಲಿ ಏರಿಕೆ, ಶೇ 2.5, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪ್ರತಿವರ್ಷ ಏರಬೇಕೆಂಬ ನೀತಿಯಿದೆ; 2025–26ರಲ್ಲಿ ಪೂರ್ಣ ಮೊತ್ತ ವಾರಕ್ಕೆ 230 ಪೌಂಡ್ ದಾಟಿತ್ತು. ಅಲ್ಲಿನ ಖರ್ಚು ಬೇರೆ, ಕಂತು ಕಟ್ಟಿದ ವರ್ಷಗಳ ಲೆಕ್ಕ ಬೇರೆ, ಒಪ್ಪುತ್ತೇನೆ. ಎರಡನೆಯದು ನನ್ನನ್ನು ತಡೆದು ನಿಲ್ಲಿಸಿತು: ಮನೆಯಲ್ಲಿದ್ದು ಚಿಕ್ಕ ಮಕ್ಕಳನ್ನು ಸಾಕಿದ ವರ್ಷಗಳನ್ನೂ ಅಲ್ಲಿ ಪಿಂಚಣಿಗೆ ದುಡಿದ ವರ್ಷಗಳೆಂದೇ ಜಮಾ ಹಿಡಿಯುತ್ತಾರೆ. ತಾಂಡಾದ ಕಟ್ಟೆಯ ಮೇಲಿನ ಅಜ್ಜಿಗೆ ಇದನ್ನು ಹೇಳಿದರೆ ನಂಬುವಳೋ ಇಲ್ಲವೋ.

ಅಷ್ಟು ದೂರ ಯಾಕೆ? ವಾಡಿಯಿಂದ ಸಿಕಂದರಾಬಾದ್ ಕಡೆಯ ರೈಲು ಹತ್ತಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ, ನವಂದಗಿ, ತಾಂಡೂರು. ಸೇಡಂ ಬಿಟ್ಟು ತಾಸಿನೊಳಗೆ ರಾಜ್ಯ ಬದಲಾಗುತ್ತದೆ, ಕಲ್ಲು ಬದಲಾಗುವುದಿಲ್ಲ. ಈ ಕಡೆ ಶಹಾಬಾದ್ ಕಲ್ಲು, ಆ ಕಡೆ ತಾಂಡೂರು ಕಲ್ಲು, ಅದೇ ಸುಣ್ಣ, ಅದೇ ಪದರ, ಅದೇ ಸುತ್ತಿಗೆ. ಆ ಕಡೆ ವೃದ್ಧಾಪ್ಯ ವೇತನ 2019ರಿಂದ 2,016 ರೂಪಾಯಿ. 2023ರ ಚುನಾವಣೆಯಲ್ಲಿ ಅದನ್ನು 4,000 ಮಾಡುತ್ತೇವೆಂದು ಮಾತು ಕೊಟ್ಟು ಗೆದ್ದದ್ದು ಇಲ್ಲಿ ಆಳುತ್ತಿರುವ ಪಕ್ಷವೇ. ಆಂಧ್ರದಲ್ಲಿ 2024ರ ಜುಲೈಯಿಂದ 4,000 ಕೊಡುತ್ತಲೇ ಇದ್ದಾರೆ. ಅಂಗಡಿಯ ಮುದುಕಿಯ ತಂಗಿಯನ್ನು ತಾಂಡೂರು ಕಡೆ ಕೊಟ್ಟಿದ್ದಾರೆ. "ಆಕಿಗಿ ಎರಡ ಸಾವಿರ ಬರ್ತದ್ರಿ. ಆಕಿ ಏನ್ ನನಗಿಂತ ಹೆಚ್ಚಿಗಿ ಹೊತ್ತಾಳೇನ್ರಿ ಕಲ್ಲು?" ಎಂದು ಕೇಳಿದಳು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನ್ನ ಬಳಿ ಉತ್ತರವಿರಲಿಲ್ಲ.

ಸುಳ್ಳು ಫಲಾನುಭವಿಗಳಿದ್ದಾರೆ, ಹೌದು. ಐವತ್ತೆರಡರವನಿಗೆ ಅರವತ್ತೈದು ಎಂದು ಬರೆಸಿಕೊಟ್ಟ ದಲ್ಲಾಳಿಗಳು ಎಲ್ಲ ಊರಲ್ಲಿದ್ದಾರೆ. ಅದರ ಎದುರಿಗೇ ಎಪ್ಪತ್ತಾದರೂ ಆಧಾರ್ ಕಾರ್ಡಿನಲ್ಲಿ ಐವತ್ತೆಂಟಾಗಿ ನಿಂತುಹೋದವರೂ ಇದ್ದಾರೆ. ನಮ್ಮ ಹಳ್ಳಿಗಳ ಹಿರಿಯರಲ್ಲಿ ಎಷ್ಟೊಂದು ಜನ ಜನವರಿ ಒಂದನೇ ತಾರೀಖಿಗೇ ಹುಟ್ಟಿದ್ದಾರೆ ನೋಡಿ, ಬರೆದುಕೊಂಡವನಿಗೆ ಅವಸರವಿತ್ತು. ಬರೆದವನ ತಪ್ಪನ್ನು ಬರೆದವನಿಂದ ತಿದ್ದಿಸಬೇಕು. ಅದರ ಬದಲು ಪ್ರತಿಯೊಬ್ಬ ಮುದುಕನನ್ನೂ ಕಳ್ಳನೆಂದು ಹಿಡಿದು ತಿಂಗಳು ತಿಂಗಳು ಬೆರಳು ತಿಕ್ಕಿಸುವುದು ಯಾವ ನ್ಯಾಯ?

ನನ್ನವರಿಗೇ, ಅಂದರೆ ನೌಕರರಿಗೆ ಒಂದು ಮಾತು. 2006ರ ಏಪ್ರಿಲ್ 1ರ ನಂತರ ನೇಮಕವಾದ ರಾಜ್ಯದ ಶಿಕ್ಷಕರು, ಗುಮಾಸ್ತರು ಹಳೆಯ ಪಿಂಚಣಿ ವಾಪಸ್ ಕೊಡಿ ಎಂದು ಬೀದಿಗಿಳಿದಿದ್ದಾರೆ. ಅವರ ಬೇಡಿಕೆಯಲ್ಲಿ ನ್ಯಾಯವಿದೆ. ಮುಪ್ಪನ್ನು ಷೇರು ಪೇಟೆಯ ಏರಿಳಿತಕ್ಕೆ ಕಟ್ಟಿಹಾಕಬಾರದು ಎಂಬ ಅವರ ಮಾತು ನೂರಕ್ಕೆ ನೂರು ಸರಿ. ಮುದುಕಿಗೆ ಕೊಡಲು ಅವರದ್ದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಇಬ್ಬರನ್ನು ಜಗಳಕ್ಕೆ ಹಚ್ಚಿ ಮಾಜಿ ಶಾಸಕರು ಎಪ್ಪತ್ತೈದು ಸಾವಿರ ಎಣಿಸಿಕೊಳ್ಳುವುದು ನನಗೂ ಬೇಡ. ಆದರೆ ಅದೇ ಧರಣಿಯಿಂದ ಮನೆಗೆ ಬಂದು "ನಮ್ಮದು ಹಕ್ಕು, ಗ್ಯಾರಂಟಿಗಳು ಮತದ ಲಂಚ" ಎನ್ನುವವರು ತಾವು ಕೂತ ಕೊಂಬೆಗೇ ಕೊಡಲಿ ಹಾಕುತ್ತಿದ್ದಾರೆ. ಮುಪ್ಪಿಗೆ ಕೊಡುವುದು ದಾನ ಎಂದು ಒಂದು ಸಲ ಒಪ್ಪಿದರೆ, ನಾಳೆ ನಿಮ್ಮದನ್ನು ದಾನವೆನ್ನಲು ಖಜಾನೆಗೆ ಎಷ್ಟು ಹೊತ್ತು ಬೇಕು? ಅರವತ್ತು ದಾಟಿದವರಿಗೆ ಒಂದು ಕನಿಷ್ಠ ಮೊತ್ತ, ಅದಕ್ಕೆ ನಮ್ಮದರಂತೆಯೇ ತುಟ್ಟಿಭತ್ಯೆ, ವರ್ಷಕ್ಕೊಮ್ಮೆ ಬದುಕಿರುವ ಸಾಕ್ಷಿ. ಡಿಸೆಂಬರ್ 17ರ ಸಭೆಯಲ್ಲಿ ಶಾಲು ಹೊದೆಯುವ ಮುಂಚೆ ಈ ಮೂರನ್ನು ಠರಾವು ಮಾಡಿ ಕಳಿಸಲು ನಮ್ಮ ಸಂಘಕ್ಕೆ ಏನು ಅಡ್ಡಿ? ಈ ವರ್ಷ ನಾನಂತೂ ಎದ್ದು ನಿಲ್ಲುವವನಿದ್ದೇನೆ. ನನ್ನ ಮಿತ್ರರು ಉಪ್ಪಿಟ್ಟು ಕೊಡದೆ ಕಳಿಸಿದರೂ ಅಡ್ಡಿಯಿಲ್ಲ.

ಮೂರನೆಯ ದಿನ ಆ ಅಂಗಡಿಗೆ ಬೇಕೆಂತಲೇ ಹೋದೆ. ಆಕೆ ಮೊದಲೇ ಬಂದಿದ್ದಳು. ಹುಡುಗ ಮತ್ತೆ ಎಲ್ಲ ಬೆರಳುಗಳನ್ನೂ ಸರದಿಯಲ್ಲಿ ಒತ್ತಿಸಿದ. ಒಂಬತ್ತು ಬೆರಳಿಗೆ ಯಂತ್ರ ಇಲ್ಲ ಅಂದಿತು. ಕೊನೆಗೆ ಎಡಗೈ ಕಿರುಬೆರಳು ಇಟ್ಟಾಗ ಕಿಣಿಕ್ ಎಂದು ಹಸಿರು ದೀಪ ಹತ್ತಿತು. ಹುಡುಗ ಎರಡು ಐನೂರು, ಎರಡು ನೂರು ಎಣಿಸಿ ಕೊಟ್ಟ. ಆಕೆ ನೋಟು ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, ಆ ಕಿರುಬೆರಳನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದು ನಕ್ಕಳು.

"ಸುತ್ತಗಿ ಹಿಡಿಯಾಗ ಈ ಬೆರಳು ಸುಮ್ಮ ಹೊರಗ ಇರ್ತಿತ್ರಿ ಸರ್. ಏನೂ ಕೆಲಸ ಮಾಡಿಲ್ಲ ಇದು. ನಿಮ್ಮ ಮಷಿನ್ನಿಗಿ ಇದೊಂದೇ ಗುರ್ತ ಹತ್ಯಾದ ನೋಡ್ರಿ."